ಬಾತ್‌ರೂಮಲ್ಲಿ ಬಿದ್ದವರ ಬೀದಿ

ನರಸಮ್ಮ ಬಿದ್ದದ್ದು ಸುಂಕದಕಟ್ಟೆಯ ತಮ್ಮ ಕ್ರಾಸಿನ ತಿರುವಿನಲ್ಲಿ, ನೀರಿನ ಪೈಪು ಹಾಕಲು ಅಗೆದವರು ಮೇಲೆ ಬರೀ ಮಣ್ಣೆಳೆದು ಹೋಗಿದ್ದ ಗುಂಡಿಯಲ್ಲಿ. ಆಸ್ಪತ್ರೆಯಲ್ಲಿ ಬರೆಸಿದ್ದು ಮಾತ್ರ ಮನೆಯ ಬಾತ್‌ರೂಮಿನಲ್ಲಿ ಎಂದು.

ಬರೆಸಿದವರು ಅವರ ಗಂಡ ದೊಡ್ಡಹನುಮಯ್ಯ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಪೊಲೀಸ್ ಠಾಣೆ ಬಂತೆಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುವಂಥ ಮನುಷ್ಯ. ಡ್ಯೂಟಿ ಡಾಕ್ಟರು "ಹೇಗಾಯ್ತು?" ಎಂದಾಗ ಸೊಸೆ ವರಲಕ್ಷ್ಮಿ ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದೆ ಬಂದು ನಿಂತಿದ್ದರು.

"ಬಾತ್‌ರೂಮಲ್ಲಿ ಜಾರಿ ಬಿದ್ಲು ಸಾರ್."

ವರಲಕ್ಷ್ಮಿಯ ಚೂಡಿದಾರದ ತುಂಬ ಕೆಸರು ಮೆತ್ತಿತ್ತು. ನರಸಮ್ಮನ ಸೀರೆಯ ನೆರಿಗೆಯಲ್ಲಿ ಸಣ್ಣ ಜಲ್ಲಿ ಸಿಕ್ಕಿಕೊಂಡಿತ್ತು. ಡಾಕ್ಟರು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಇಂಥ ಬಾತ್‌ರೂಮುಗಳನ್ನು ಬಹಳ ಕಂಡವರಂತೆ, ಹೇಳಿದ್ದನ್ನೇ ಬರೆದುಕೊಂಡರು.

"ಯಾಕ್ ಮಾವ ಹಾಗಂದ್ರಿ?" ಎಕ್ಸ್‌ರೇ ಕೋಣೆಯ ಹೊರಗೆ ವರಲಕ್ಷ್ಮಿ ಕೇಳಿದಳು.

"ಆಕ್ಸಿಡೆಂಟ್ ಅಂದ್ರೆ ಪೊಲೀಸ್ ಬರ್ತಾರೆ ಕಣಮ್ಮ. ಗಾಡಿ ಸ್ಟೇಷನ್‌ಗೆ ಹೋಗತ್ತೆ. ಓಡಿಸ್ತಿದ್ದೋರ ಮೇಲೇ ಕೇಸ್ ಹಾಕ್ತಾರೆ. ನಿನ್ನ ಒಳ್ಳೇದಕ್ಕೇ ಹೇಳಿದ್ದು."

"ಗುಂಡಿ ಮೇಲೆ ಕೇಸಿಲ್ವಾ?"

"ಗುಂಡಿಗೇನು ಲೈಸೆನ್ಸ್ ಇದ್ಯಾ, ಕೇಸ್ ಹಾಕೋಕೆ? ಸುಮ್ನಿರು."

ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಸೊಸೆಯ ಸ್ಕೂಟರಿನ ಹಿಂದಿನ ಸೀಟಿನಿಂದ ಬೀಳುವಾಗ ನರಸಮ್ಮ ಎರಡೂ ಕೈಯಲ್ಲಿ ಚಕ್ಕುಲಿ ಡಬ್ಬಿಯನ್ನು ತಬ್ಬಿಕೊಂಡಿದ್ದರು, ಬಿಡಲಿಲ್ಲ. ಡಬ್ಬಿಯ ಅಡಿಗೆ ಕೈ ಸಿಕ್ಕಿತು. ಚಕ್ಕುಲಿ ಮುಕ್ಕಾಗಿರಲಿಲ್ಲ.

ಮಾರನೆಯ ದಿನದಿಂದ ಆ ಮನೆಯಲ್ಲಿ ಎರಡು ಕಥೆಗಳು ನಡೆದವು. ಹೊಸ್ತಿಲಾಚೆಗೆ ತಪ್ಪು ಬಾತ್‌ರೂಮಿನದು, ಹೊಸ್ತಿಲೊಳಗೆ ವರಲಕ್ಷ್ಮಿಯದು. ಗುಂಡಿ ಎರಡು ಕಥೆಗಳಿಂದಲೂ ಪಾರಾಗಿತ್ತು.

ನೋಡಲು ಬಂದವರೆಲ್ಲ ಮೊದಲು ನರಸಮ್ಮನ ಕೈ ನೋಡಿ, ಆಮೇಲೆ ಬಾತ್‌ರೂಮು ನೋಡಿ ಬರುತ್ತಿದ್ದರು. ಎದುರುಮನೆಯ ಚಕ್ರಪಾಣಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬರಿಗಾಲಲ್ಲಿ ನೆಲ ಉಜ್ಜಿ ಪರೀಕ್ಷೆ ಮಾಡಿದರು. "ಟೈಲ್ಸೇ ಸರಿಯಿಲ್ಲ ದೊಡ್ಡಹನುಮಯ್ಯನೋರೇ. ರಫ್ ಟೈಲ್ಸ್ ಹಾಕಿಸ್ಬಿಡಿ. ವಯಸ್ಸಾದೋರು ಇರೋ ಮನೆ." ಕುರುಬರಹಳ್ಳಿಯಿಂದ ಬಂದ ನೆಂಟರು ಸೇಬಿನ ಜೊತೆಗೆ ರಬ್ಬರ್ ಮ್ಯಾಟನ್ನೇ ತಂದುಕೊಟ್ಟರು. ಹೇಳಿದ ಸುಳ್ಳಿಗೆ ಮರ್ಯಾದೆ ಬೇಕಲ್ಲ. ದೊಡ್ಡಹನುಮಯ್ಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸ್ಟೀಲ್ ಕಂಬಿ ತಂದು, ತಾವೇ ಡ್ರಿಲ್ ಹಿಡಿದು ಬಾತ್‌ರೂಮಿನ ಗೋಡೆಗೆ ಕೂರಿಸಿದರು.

ಡ್ರಿಲ್ಲಿನ ಸದ್ದು ನಿಂತ ಮೇಲೆ ನರಸಮ್ಮ ಮಂಚದಿಂದಲೇ ಹೇಳಿದರು: "ಬೀಳದೆ ಇರೋ ಜಾಗಕ್ಕೆ ಕಂಬಿ. ಬಿದ್ದ ಜಾಗಕ್ಕೆ ಒಂದ್ ಪುಟ್ಟಿ ಮಣ್ಣಿಲ್ಲ."

"ನೀನು ಮಲ್ಕೊ."

ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ವಿಜಯನಗರ, ಬಸವೇಶ್ವರನಗರ, ಕುರುಬರಹಳ್ಳಿಯ ಕಾಂಡಿಮೆಂಟ್ಸ್ ಅಂಗಡಿಗಳಿಗೆ ಈ ಮನೆಯಿಂದ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಹೋಗುತ್ತಿದ್ದವು. ಕೋಡುಬಳೆ ಹೊಸೆಯುವುದು ನರಸಮ್ಮನ ಕೆಲಸ. ಕರಿಯುವುದು, ಡಬ್ಬಿ ತುಂಬಿ ಸ್ಕೂಟರಿನಲ್ಲಿ ಒಯ್ದು ಕೊಟ್ಟುಬರುವುದು ವರಲಕ್ಷ್ಮಿಯದು. ಸ್ಕೂಟರು ಅವಳೇ ದುಡಿದು ಕೊಂಡದ್ದು. ಡಬ್ಬಿಗಳ ನಡುವೆ ಹಳೆಯ ಸೀರೆ ತುರುಕಿ, ಬಾಣಂತಿಯನ್ನು ಕೂರಿಸಿಕೊಂಡವಳ ಹಾಗೆ ಓಡಿಸುತ್ತಿದ್ದಳು. ಅಂದು ಡಬ್ಬಿ ಒಂದು ಹೆಚ್ಚಾಯಿತೆಂದು ಅತ್ತೆ ತಾವೇ ಹಿಂದೆ ಕೂತಿದ್ದರು.

ಈಗ ಅವಳು ಗಾಡಿ ಮುಟ್ಟುವಂತಿರಲಿಲ್ಲ. ಮಾವನ ಅಪ್ಪಣೆ. ಬದಲಿಗೆ ಗಂಡ ಮಹದೇವ್ ಪೀಣ್ಯದ ತನ್ನ ಶಿಫ್ಟಿಗೆ ಮುಂಚೆ ಆಟೋದಲ್ಲಿ ಡಬ್ಬಿ ಹಾಕಿಕೊಂಡು ಹೋಗುತ್ತಿದ್ದ. ಆಟೋದವರಿಗೆ ಕೋಡುಬಳೆಯ ಕಷ್ಟ ಏನು ಗೊತ್ತು? ಒಂದೊಂದು ಹಳ್ಳಕ್ಕೂ ಡಬ್ಬಿಯೊಳಗೆ ಸದ್ದಾಗುತ್ತಿತ್ತು. ವಿಜಯನಗರದ ಅಂಗಡಿಯವರು ಮುಚ್ಚಳ ತೆಗೆದು, "ಏನ್ ಗುರು, ನಾವು ಕೇಳಿದ್ದು ಬಳೆ, ನೀವು ತಂದಿರೋದು ಬಳೆ ಚೂರು" ಎಂದು ಅರ್ಧ ಮಾಲು ವಾಪಸ್ ಕಳಿಸಿದರು.

ವಾಪಸ್ ಬಂದದ್ದನ್ನು ಮನೆಯವರೇ ತಿನ್ನಬೇಕು. ಬೆಳಿಗ್ಗೆ ಕಾಫಿಗೆ ಚೂರು, ಮಧ್ಯಾಹ್ನ ಮೊಸರನ್ನಕ್ಕೆ ಚೂರು, ರಾತ್ರಿ ಸಾರಿಗೆ ಚೂರು.

"ಇವತ್ತಾದ್ರೂ ಪಲ್ಯ ಇಲ್ವೇನೇ?" ಎಂದ ಮಹದೇವ್.

"ಕೋಡುಬಳೆ ಇದೆ."

"ನಾಳೆ?"

"ನಾಳೆ ಚಕ್ಕುಲಿ. ಹೊಸ ರುಚಿ."

ಭಾನುವಾರ ಕೆಂಗೇರಿಯಿಂದ ನಾದಿನಿ ಶಶಿಕಲಾ ಎಳನೀರು ಹಿಡಿದು ಬಂದಳು. ಅಮ್ಮನ ಪಟ್ಟಿ ನೋಡಿ ಕಣ್ಣೊರೆಸಿಕೊಂಡು, ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಳು.

"ಅತ್ತಿಗೆ, ನಿಮಗೆ ಅಷ್ಟು ದೊಡ್ಡ ಗುಂಡಿ ಕಾಣಿಸ್ಲಿಲ್ವಾ?"

"ನೀರು ಕಾಣಿಸ್ತು. ನೀರಿನ ಕೆಳಗಿರೋದು ಕಾಣಿಸೋ ಕಣ್ಣು ನಮ್ಮಪ್ಪನ ಮನೇಲಿ ಕೊಟ್ಟಿಲ್ಲ."

"ಜೋಕ್ ಮಾಡ್ತಿದೀರಾ? ನಮ್ಮಮ್ಮನ ಕೈ ಹೋಯ್ತು."

"ನಿಮ್ಮಮ್ಮನಿಗೆ ಎರಡು ಹೊತ್ತು ತುತ್ತು ತಿನ್ನಿಸ್ತಿರೋದು ನಾನೇ ಶಶಿ. ನೀನು ಎಳನೀರು ಕೊಚ್ಚು, ಕತ್ತಿ ಅಲ್ಲಿದೆ."

ಆ ರಾತ್ರಿ ಊಟಕ್ಕೆ ಕೂತಾಗ ದೊಡ್ಡಹನುಮಯ್ಯ ಮುದ್ದೆ ಮುರಿಯುತ್ತ, ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು: "ಹಬ್ಬ ಮುಗೀಲಿ, ಗಾಡಿ ಕೊಟ್ಬಿಡೋಣ. ಬಸ್‌ಸ್ಟಾಪ್ ಹತ್ರ ಒಬ್ಬ ಕೇಳಿದಾನೆ."

ವರಲಕ್ಷ್ಮಿ ಸೌಟು ಹಿಡಿದವಳು ಹಾಗೇ ನಿಂತಳು. ಗಾಡಿ ಹೋದರೆ ಅಂಗಡಿಗಳು ಹೋಗುತ್ತವೆ. ಅಂಗಡಿ ಹೋದರೆ, ಅತ್ತೆ-ಸೊಸೆ ಕೂಡಿ ಕಟ್ಟಿದ ಕೆಲಸವೇ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಾಡಿ ಮಾರಿದ ದಿನ ತೀರ್ಪು ಬಂದಂತೆ: ಬೀಳಿಸಿದ್ದು ಅವಳೇ ಎಂದು.

"ಯಾಕ್ ಮಾವ ಮಾರ್ಬೇಕು?"

"ಯಾಕೇನು? ಇನ್ನೊಂದ್ಸಲ ಬಿದ್ರೆ?"

"ಬಿದ್ದಿದ್ದು ಬಾತ್‌ರೂಮಲ್ಲಿ ಅಲ್ವಾ? ಹಾಗಾದ್ರೆ ಬಾತ್‌ರೂಮ್ ಮಾರಿ."

ಮಹದೇವನಿಗೆ ಮಜ್ಜಿಗೆ ನೆತ್ತಿಗೇರಿತು. ದೊಡ್ಡಹನುಮಯ್ಯ ತಟ್ಟೆ ಸರಿಸಿದರು.

"ನೋಡೋ ಮಹದೇವ, ನಿನ್ನ ಹೆಂಡ್ತಿ ಮಾತು."

"ಅವಳು ಕೇಳಿದ್ರಲ್ಲಿ ತಪ್ಪೇನಿದೆ ಅಪ್ಪ?"

"ತಪ್ಪಿಲ್ಲಪ್ಪ, ನಿಮ್ಮದ್ಯಾರದ್ದೂ ತಪ್ಪಿಲ್ಲ. ಸ್ಟೇಷನ್, ಕೋರ್ಟು ಅಂತ ಅಲೆಯೋದು ತಪ್ಪಿಸಿದ್ನಲ್ಲ, ನಂದೇ ತಪ್ಪು." ಎದ್ದು ಕೈ ತೊಳೆದರು. ನರಸಮ್ಮ ಎಡಗೈಯಲ್ಲಿ ಚಮಚ ಹಿಡಿದು ಇಬ್ಬರನ್ನೂ ನೋಡುತ್ತಿದ್ದರು.

ಮುಂದಿನ ವಾರ ಮಳೆ ಬಿಡದೆ ಹೊಡೆಯಿತು. ಒಂದು ಸಂಜೆ ಮೂಲೆಮನೆಯ ಗಿರಿರಾಜ್, ಊಟ ಡೆಲಿವರಿ ಮಾಡುವ ಹುಡುಗ, ಅದೇ ತಿರುವಿನಲ್ಲಿ ಅದೇ ನೀರಿನೊಳಗೆ ಬೈಕು ಸಮೇತ ಮುಳುಗಿ ಎದ್ದ. ಎದ್ದ ಎನ್ನುವುದು ಮಾತಿಗೆ; ಎತ್ತಿದವರು ಬೀದಿಯವರು. ಪಾದ ಪಕ್ಕಕ್ಕೆ ತಿರುಗಿತ್ತು. ತಲೆ ಹಿಡಿದುಕೊಂಡಿದ್ದ ವರಲಕ್ಷ್ಮಿಗೆ ಅವನು ನೋವಿನ ನಡುವೆಯೇ ಪಿಸುಗುಟ್ಟಿದ: "ಆಂಟಿ, ಮೆಟ್ಲಿಂದ ಬಿದ್ದೆ ಅಂತ ಹೇಳ್ತೀನಿ. ಇಲ್ದಿದ್ರೆ ಬೈಕ್ ಹೋಗತ್ತೆ."

"ನಿಮ್ಮನೆ ನೆಲದ ಮೇಲಲ್ವೇನೋ ಇರೋದು? ಮೆಟ್ಲೆಲ್ಲಿದೆ?"

"ಅವರಿಗೆಲ್ಲಿ ಗೊತ್ತಾಗತ್ತೆ ಆಂಟಿ..."

ಬೀದಿಯವರು ಫೋನ್ ಮೇಲೆ ಫೋನ್ ಮಾಡಿದ್ದಕ್ಕೆ ಎರಡು ದಿನ ಬಿಟ್ಟು ರಸ್ತೆ ಇಂಜಿನಿಯರ್ ಬಂದರು. ಜೀಪಿನ ಬಾಗಿಲು ತೆಗೆದಿಟ್ಟುಕೊಂಡೇ ನಿಂತರು, ಶೂ ನೆನೆಯಬಾರದೆಂದು.

"ಪೈಪ್ ಕೆಲಸ ಇನ್ನೂ ಬಾಕಿ ಇದೆ. ಮಳೆ ನಿಲ್ಲಲಿ ನೋಡೋಣ. ಇದು ಪ್ರಯಾರಿಟಿ ರಸ್ತೆ ಅಲ್ಲ."

"ಪ್ರಯಾರಿಟಿ ಹೇಗ್ ಬರತ್ತೆ ಸಾರ್?" ವರಲಕ್ಷ್ಮಿ ಕೇಳಿದಳು.

"ಆಕ್ಸಿಡೆಂಟ್ ರೆಕಾರ್ಡ್ ನೋಡ್ತೀವಮ್ಮ. ಈ ಕ್ರಾಸಲ್ಲಿ ಒಂದೂ ಇಲ್ಲ. ಇಲ್ಲಿ ಯಾರೂ ಬಿದ್ದೇ ಇಲ್ಲ."

ವರಲಕ್ಷ್ಮಿ ಚಕ್ರಪಾಣಿಯವರ ಕಡೆ ತಿರುಗಿದಳು.

"ಅಂಕಲ್, ಬೇಸಿಗೆ ಮಳೇಲಿ ಆಂಟಿಗೆ ಮಂಡಿ ಚಿಪ್ಪು ಒಡೀತಲ್ಲ, ಅದು?"

ಚಕ್ರಪಾಣಿ ಲುಂಗಿ ಸರಿಮಾಡಿಕೊಂಡರು. "ಅದು... ಬಾತ್‌ರೂಮು."

"ನಿಂದು ಹಾಲವ್ವ?" ಹೂ ಮಾರುವ ಹಾಲವ್ವನ ಭುಜ ಇನ್ನೂ ಮೇಲಕ್ಕೆ ಏಳುತ್ತಿರಲಿಲ್ಲ.

"ನಂದೂ ಬಾತ್‌ರೂಮೇ ಕಣಕ್ಕ, ಆಸ್ಪತ್ರೇಲಿ." ಅವಳು ಸೆರಗು ಬಾಯಿಗಿಟ್ಟುಕೊಂಡಳು. "ನಮ್ಮ ವಠಾರದಲ್ಲಿ ಎಲ್ಲ ಮನೆಗೂ ಸೇರಿ ಇರೋದೇ ಒಂದು."

ಯಾರೋ ಕಿಸಕ್ಕೆಂದರು. ಇಂಜಿನಿಯರ್ ಕೂಡ ನಕ್ಕರು. ಆ ನಗುವನ್ನು ವರಲಕ್ಷ್ಮಿಗೆ ಸಹಿಸಲಾಗಲಿಲ್ಲ.

"ನಮ್ಮತ್ತೆ ಬಿದ್ದಿದ್ದು ಈ ಗುಂಡೀಲಿ ಸಾರ್. ಗಾಡಿ ಓಡಿಸ್ತಿದ್ದೋಳು ನಾನು."

ಹಿಂದಿನಿಂದ ದೊಡ್ಡಹನುಮಯ್ಯ "ವರಾ!" ಎಂದರು.

"ಕಂಪ್ಲೇಂಟ್ ಇದ್ಯಾ?" ಎಂದರು ಇಂಜಿನಿಯರ್.

"ಇಲ್ಲ."

"ಹಾಗಾದ್ರೆ ಆಗಿಲ್ಲ." ಜೀಪಿನ ಬಾಗಿಲು ಹಾಕಿಕೊಂಡರು.

ಮನೆಯೊಳಗೆ ಬಂದ ಮೇಲೆ ಜಗಳ ಶುರುವಾಯಿತು. ಒಲೆ ಮೇಲೆ ಎಣ್ಣೆ ಕಾಯುತ್ತಿತ್ತು; ವರಲಕ್ಷ್ಮಿ ಚಕ್ಕುಲಿ ಒತ್ತುತ್ತಲೇ ಮಾತಾಡಿದಳು.

"ನಾಳೆ ಸ್ಟೇಷನ್‌ಗೆ ಹೋಗಿ ಬರೆದುಕೊಡ್ತೀನಿ."

"ಕೇಸ್ ನಿನ್ನ ಮೇಲೇ ಬೀಳತ್ತೆ ಅಂದ್ನಲ್ಲ!"

"ಬೀಳ್ಲಿ."

"ಹೆಣ್ಣು ಹೆಂಗಸು, ಕೋರ್ಟ್ ಮೆಟ್ಟಿಲು ಹತ್ತುತೀಯಾ? ನಾಲ್ಕು ಜನ ಏನಂತಾರೆ?"

"ಆ ನಾಲ್ಕು ಜನದಲ್ಲಿ ಮೂರು ಜನ ಇದೇ ಗುಂಡೀಲಿ ಬಿದ್ದೋರೇ ಮಾವ."

"ಏನೋ ಆಗೋಗಿದೆ, ಬಿಡು ಅಂದ್ರೆ..."

"ಬಿಡಲ್ಲ ಕಣ್ರೀ." ಮಾತಾಡಿದವರು ನರಸಮ್ಮ. ಪಟ್ಟಿಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕೂತಿದ್ದರು. "ಕೇಸ್ ಅವಳ ಮೇಲೆ ಬೀಳತ್ತೆ ಅಂತ ಹೆದರಿಸ್ತೀರಲ್ಲ, ನಾನು ಬಿದ್ದ ದಿನದಿಂದ ಈ ಮನೇಲಿ ಯಾರ ಮೇಲೆ ನಡೀತಿದೆ ಕೇಸು? ಜಡ್ಜ್ ನೀವು, ಲಾಯರ್ ನಿಮ್ಮ ಮಗಳು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

"ನಾನು ಯಾರಿಗೋಸ್ಕರ ಸುಳ್ಳು ಹೇಳ್ದೆ? ಅವಳಿಗೋಸ್ಕರ ತಾನೆ?"

"ಅವಳಿಗೋಸ್ಕರ ಹೇಳಿದ್ರಿ. ಆಮೇಲೆ ಅವಳನ್ನೇ ಗುಂಡಿ ಮಾಡಿದ್ರಿ." ನರಸಮ್ಮ ಸೊಸೆಯತ್ತ ತಿರುಗಿದರು. "ಎಣ್ಣೆ ಹೊಗೆಯಾಡ್ತಿದೆ, ಉರಿ ಸಣ್ಣ ಮಾಡು. ನಾಳೆ ನಾನೂ ಬರ್ತೀನಿ."

ದೊಡ್ಡಹನುಮಯ್ಯ ಹೊರಗಿನ ಜಗುಲಿಗೆ ಹೋಗಿ ಕೂತರು. ಬೆಳಿಗ್ಗೆ ಮಹದೇವ್ ರಜೆ ಹಾಕಿ ಹೆಂಡತಿ, ತಾಯಿ ಇಬ್ಬರನ್ನೂ ಆಟೋದಲ್ಲಿ ಕರೆದುಕೊಂಡು ಹೊರಟಾಗಲೂ ಅವರು ಪೇಪರಿನಿಂದ ಮುಖ ತೆಗೆಯಲಿಲ್ಲ.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಬಸವಕುಮಾರ್ ಆಸ್ಪತ್ರೆಯ ಚೀಟಿಯನ್ನು ತಿರುಗಿಸಿ ನೋಡಿದರು.

"ಇದ್ರಲ್ಲಿ ಬಾತ್‌ರೂಮ್ ಅಂತಿದೆಯಲ್ಲಮ್ಮ."

"ಅದು ಸುಳ್ಳು ಸಾರ್."

"ಇಷ್ಟು ದಿನ ಯಾಕ್ ಬರ್ಲಿಲ್ಲ?"

"ನಿಮ್ಮ ಭಯಕ್ಕೆ" ಎಂದರು ನರಸಮ್ಮ.

ಬಸವಕುಮಾರ್ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡರು. ಒರಟು ಮನುಷ್ಯನಲ್ಲ. "ನೋಡಿ, ನಾನು ಇರೋದನ್ನ ಹೇಳ್ಬಿಡ್ತೀನಿ. ಕೇಸ್ ಅಂತ ಹಾಕಿದ್ರೆ ಓಡಿಸ್ತಿದ್ದೋರ ಮೇಲೇ ಹಾಕೋದು. ನಿರ್ಲಕ್ಷ್ಯದ ಚಾಲನೆ. ನೀವು ಕೋರ್ಟಿಗೆ ಬರ್ಬೇಕಾಗತ್ತೆ. ಯೋಚನೆ ಮಾಡಿ."

"ಕೇಸ್ ಹಾಕಿದ್ರೆ ನೀವು ಜಾಗ ನೋಡೋಕೆ ಬರ್ಬೇಕಲ್ವಾ ಸಾರ್?"

"ಬರ್ಬೇಕು. ಸ್ಥಳ ಮಹಜರು ಮಾಡ್ತೀವಿ."

"ಗುಂಡಿ ಅಳೀತೀರಾ?"

"ಅಳೀತೀವಿ."

"ಎಷ್ಟು ಅಗಲ, ಎಷ್ಟು ಆಳ, ಎಲ್ಲ ಬರ್ಕೊತೀರಾ?"

ಬಸವಕುಮಾರ್ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. "ಬರ್ಕೊತೀವಮ್ಮ."

"ನನಗೆ ಅಷ್ಟು ಸಾಕು. ಹಾಕಿ ಕೇಸು."

ಮಹಜರಿಗೆ ಗೊತ್ತು ಮಾಡಿದ್ದು ಹಬ್ಬದ ಹಿಂದಿನ ದಿನದ ಬೆಳಿಗ್ಗೆ. ವರಲಕ್ಷ್ಮಿ ಕೈತುಂಬ ಹಿಟ್ಟು ಮೆತ್ತಿಕೊಂಡು ಕೋಡುಬಳೆ ಹೊಸೆಯುತ್ತಿದ್ದಾಗ ಬೀದಿಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಕಿಟಕಿಯಿಂದ ನೋಡಿದಳು. ಟ್ರೈಲರಿನ ತುಂಬ ಮಣ್ಣು. ಇಬ್ಬರು ಆಳುಗಳು ಸಲಿಕೆ ಹಿಡಿದು ಇಳಿಯುತ್ತಿದ್ದರು. ಅವಳು ಹಿಟ್ಟಿನ ಕೈಯಲ್ಲೇ ಓಡಿದಳು.

"ನಿಲ್ಸಿ! ಒಂದ್ ಸಲಿಕೆನೂ ಹಾಕ್ಬೇಡಿ!"

ಟ್ರ್ಯಾಕ್ಟರಿನವನಿಗೆ ಆಶ್ಚರ್ಯ. "ಏನಕ್ಕಾ ಇದು? ಗುಂಡಿ ಮುಚ್ಚಿ ಅಂತ ಗಲಾಟೆ ಮಾಡಿದ್ದು ನೀವೇ ಅಂತೆ?"

"ಹೌದು. ಇವತ್ತು ಮುಚ್ಬೇಡಿ ಅಂತ ಗಲಾಟೆ ಮಾಡೋದೂ ನಾವೇ."

ನರಸಮ್ಮ ಹಿಂದೆಯೇ ಬಂದರು. ಮಹದೇವ್ ಪ್ಲಾಸ್ಟಿಕ್ ಕುರ್ಚಿ ತಂದು ಗುಂಡಿಯ ಅಂಚಿಗೆ ಹಾಕಿದ. ನರಸಮ್ಮ ಸೀರೆ ಮೇಲಕ್ಕೆತ್ತಿ, ಎರಡೂ ಕಾಲನ್ನು ನೀರಿನೊಳಗೆ ಇಳಿಬಿಟ್ಟು ಕೂತರು. "ಸುರಿಯೋದಾದ್ರೆ ನನ್ನ ಕಾಲ ಮೇಲೆ ಸುರೀರಪ್ಪ."

ಅಷ್ಟರಲ್ಲಿ ಜೀಪು ಬಂತು. ಇಂಜಿನಿಯರ್ ಈ ಸಲ ಶೂ ನೆನೆಯುವುದನ್ನು ಲೆಕ್ಕಿಸದೆ ಇಳಿದು ಬಂದು ಟ್ರ್ಯಾಕ್ಟರಿನವನಿಗೆ ಗದರಿದರು: "ಏನ್ ನೋಡ್ತಾ ನಿಂತಿದೀಯಾ? ಪೊಲೀಸ್ ಬರೋಷ್ಟರಲ್ಲಿ ಮುಗೀಬೇಕು ಅಂದಿಲ್ವಾ?"

ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ದೊಡ್ಡಹನುಮಯ್ಯ ಜಗುಲಿ ಇಳಿದು ಬಂದರು. ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸುತ್ತಾರೆಂದೇ ಎಲ್ಲರೂ ತಿಳಿದರು. ವರಲಕ್ಷ್ಮಿ ಅಡ್ಡ ನಿಲ್ಲಲು ಒಂದು ಹೆಜ್ಜೆ ಇಟ್ಟಳು. ಅವರು ಅವಳನ್ನು ದಾಟಿ ಟ್ರೈಲರಿನ ಹತ್ತಿರ ಹೋಗಿ, ಒಂದು ಹಿಡಿ ಮಣ್ಣು ತೆಗೆದು ನೋಡಿದರು.

"ಯುಗಾದಿಯಿಂದ ಕೇಳ್ತಾ ಇದೀವಿ. ಮಳೆ ನಿಲ್ಲಲಿ ಅಂದ್ರಿ, ಪೈಪ್ ಬಾಕಿ ಅಂದ್ರಿ. ಇವತ್ತು ಮಳೆಯಲ್ಲೇ ಮಣ್ಣು ಹೇಗ್ ಬಂತು ಸಾರ್?"

"ಯಜಮಾನ್ರೇ, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡ್ತಿದೀರಿ. ಕೇಸ್ ಆಗತ್ತೆ."

ಒಂದು ತಿಂಗಳ ಹಿಂದೆ ಈ ಮಾತಿಗೆ ದೊಡ್ಡಹನುಮಯ್ಯ ಮನೆಯೊಳಗೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದರು. ಈಗ ಅಂಗೈಯ ಮಣ್ಣು ಕೊಡವಿದರು. "ಹಾಕಿ. ನಮ್ಮನೇಲಿ ಒಂದು ಆಗ್ಲೇ ಇದೆ, ಅದಕ್ಕೂ ಜೊತೆ ಆಗತ್ತೆ. ಮಹದೇವ, ಇನ್ನೊಂದು ಕುರ್ಚಿ ತಾರೋ."

ಹೆಂಡತಿಯ ಪಕ್ಕದಲ್ಲಿ ಕೂತರು. ಕಾಲು ನೀರಿಗೆ ಬಿಡುವಾಗ ಮಾತ್ರ ಮುಖ ಕಿವುಚಿದರು.

"ತಣ್ಣಗಿದ್ಯಾ?" ಎಂದರು ನರಸಮ್ಮ.

"ಸುಮ್ನೆ ಕೂತ್ಕೊ."

ಬಸವಕುಮಾರ್ ಬಂದಾಗ ಗುಂಡಿಯ ಸುತ್ತ ಬೀದಿಯ ಅರ್ಧ ಜನವಿದ್ದರು. ನೀರು ತುಂಬಿದ್ದರೆ ಆಳ ಹೇಗೆ ತಿಳಿಯುವುದೆಂದು ಹೆಂಗಸರು ಬಕೆಟ್ಟು ತಂದು ತೋಡಿ ಚರಂಡಿಗೆ ಚೆಲ್ಲಿದರು. ಟೇಪು ಇಳಿಯಿತು, ಇನ್ನೂ ಇಳಿಯಿತು. ಕೊನೆಗೆ ತಳ ಕಂಡಾಗ ಕಾನ್‌ಸ್ಟೇಬಲ್ ಒಬ್ಬರು "ಅಯ್ಯಪ್ಪಾ" ಎಂದು, ಮೇಲಧಿಕಾರಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

"ಪಂಚರಾಗಿ ಯಾರು ಸೈನ್ ಹಾಕ್ತೀರಿ?" ಬಸವಕುಮಾರ್ ಕೇಳಿದರು.

ಚಕ್ರಪಾಣಿ ಮುಂದೆ ಬಂದರು. "ನಾನು ಸಾರ್. ಇನ್ನೊಂದು ಮಾತು, ನಮ್ಮನೆಯವಳ ಮಂಡಿನೂ ಇಲ್ಲೇ ಹೋಗಿದ್ದು."

"ಅದಕ್ಕೆ ಬೇರೆ ಕಂಪ್ಲೇಂಟ್ ಕೊಡ್ಬೇಕು."

"ಕೊಡ್ತೀನಿ."

"ನಂದೂ ಬರ್ಕೊಳ್ಳಿ" ಎಂದಳು ಹಾಲವ್ವ.

ಮೂಲೆಮನೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದ ಗಿರಿರಾಜ್ ಕೂಗಿದ: "ಸಾರ್, ನಮ್ಮನೇಲಿ ಮೆಟ್ಲೇ ಇಲ್ಲ ಸಾರ್!" ಬೀದಿ ಗೊಳ್ಳೆಂದಿತು. ಈ ಸಲ ಇಂಜಿನಿಯರ್ ನಗಲಿಲ್ಲ.

ಬಸವಕುಮಾರ್ ಕೊನೆಯದಾಗಿ ವರಲಕ್ಷ್ಮಿಯನ್ನು ಕರೆದರು. "ವಾಹನ ಚಲಾಯಿಸ್ತಿದ್ದೋರು?"

"ನಾನು." ಹಿಟ್ಟು ಒಣಗಿ ಬಿರುಕು ಬಿಟ್ಟಿದ್ದ ಬೆರಳಲ್ಲೇ ಸಹಿ ಹಾಕಿದಳು.

"ಗಾಡಿ ತಪಾಸಣೆಗೆ ಸ್ಟೇಷನ್‌ಗೆ ಬರ್ಬೇಕು. ಯಾರ್ ತರ್ತೀರಿ?"

ಮಹದೇವ್ ಹೊರಟ. ಕುರ್ಚಿಯಿಂದಲೇ ದೊಡ್ಡಹನುಮಯ್ಯ ತಡೆದರು. "ನೀನು ನಿಲ್ಲೋ. ಗಾಡಿ ಅವಳದ್ದು, ಅವಳೇ ತಗೊಂಡ್ ಹೋಗ್ತಾಳೆ. ತಪಾಸಣೆ ಮುಗಿದ್ಮೇಲೆ ವಾಪಸ್ ತರೋದೂ ಅವಳೇ. ಹಬ್ಬದ ಮಾಲು ಇನ್ಯಾರು ಕೊಡ್ತಾರೆ?"

ವರಲಕ್ಷ್ಮಿ ಮಾವನ ಮುಖ ನೋಡಿದಳು. ಅವರು ಇಂಜಿನಿಯರನ್ನು ನೋಡುತ್ತಿದ್ದರು.

"ಅಳತೆ ಆಯ್ತಲ್ಲಮ್ಮ" ಎಂದರು ಇಂಜಿನಿಯರ್, ಈಗ ದನಿ ತಗ್ಗಿತ್ತು. "ಇನ್ನಾದ್ರೂ ಏಳಿ. ಮಣ್ಣು ಹಾಕಿ ಹೋಗ್ಲಿ."

"ಮಣ್ಣು ಮೊದಲೂ ಹಾಕಿದ್ರಿ" ಎಂದರು ನರಸಮ್ಮ. "ಜಲ್ಲಿ ಹಾಕಿ, ಟಾರು ಹಾಕಿ."

"ಅದಕ್ಕೆ ಟೈಮ್ ಬೇಕು."

"ತಗೊಳ್ಳಿ. ನಾವಿಲ್ಲೇ ಇರ್ತೀವಿ."

ವರಲಕ್ಷ್ಮಿ ಕೈ ತೊಳೆದು ಬಂದು, ಸ್ಕೂಟರನ್ನು ಸ್ಟಾಂಡಿನಿಂದ ಇಳಿಸಿ ಸ್ಟಾರ್ಟ್ ಮಾಡಿದಳು. ಗುಂಡಿಯ ಪಕ್ಕ ಬಂದಾಗ ಕಾಲೂರಿ ನಿಂತಳು.

"ಅತ್ತೆ, ಮಧ್ಯಾಹ್ನದ ಊಟ?"

"ಇಲ್ಲಿಗೇ ತಗೊಂಡ್ ಬಾ."

"ಎಷ್ಟು ಜನಕ್ಕೆ ಮಾಡ್ಲಿ?"

ನರಸಮ್ಮ ಬೀದಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಚಕ್ರಪಾಣಿ ತಮ್ಮ ಮನೆಯಿಂದ ಬೆಂಚು ಎಳೆದು ತರುತ್ತಿದ್ದರು.

"ದೊಡ್ಡ ಪಾತ್ರೇಲಿ ಎಸರಿಡು."